ಕನಕಗಿರಿಯೂ ವಾಸ್ತವವಾದವೂ

ವಾಸ್ತವವಾದವೆಂಬ ಮಾತು ಕಾವ್ಯಕಲೆಗಳ ವಿಮರ್ಶೆಯಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಕಂಡದ್ದನ್ನು ಕಂಡಂತೆ ಚಿತ್ರಿಸುವುದೇ ಅದರ ಅರ್ಥವೆಂದು ಅನೇಕರ ಎಣಿಕೆ. ದರ್ಶನಶಾಸ್ತ್ರದಲ್ಲಿ ಅದರ ಅರ್ಥವೇ ಬೇರೆ. ಅರಿಯುವವನಿರಲಿ ಇಲ್ಲದಿರಲಿ, ಜಗತ್ತಿನ ಪದಾರ್ಥಗಳು ಸತ್ಯವಾಗಿ ಇದ್ದೇ ಇರುವುವೆಂಬ ಸಿದ್ಧಾಂತವದು. ನೈಯಾಯಿಕರು, ಮಾಧ್ವರು, ಜೈನರು ತಮ್ಮ ತಮ್ಮಲ್ಲಿ ಎಷ್ಟೇ ವಾದಿಸಿದರೂ ಈ ವಿಷಯದಲ್ಲಿ ಒಂದೇ ಪಕ್ಷದವರು.

ಉತ್ಪಾದ, ವ್ಯಯ, ಧ್ರೌವ್ಯಗಳೆಂಬ ಮೂರೂ ಕೂಡಿದುದೇ ಸತ್ತೆಂದು ಜೈನರ ಮತ. ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾದುದಿಲ್ಲ. ಅರಿಕುಠಾರವು ತಮ್ಮ ತಂದೆಯವರ ಜನ್ಮಸ್ಥಳವಾದುದರಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಗುಂಡ್ಲುಪೇಟೆಯೂ ಹಿಂದೆ ವಿಜಯಪುರವೆನಿಸಿದ್ದಿತು. ಹಳೆಯ ಹೆಸರು ಅಳಿದು ಹೊಸದು ಹುಟ್ಟಿದರೂ ಊರು ಉಳಿದಿದೆ.

ಇದೇ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿಯೆಂಬ ಪ್ರಾಚೀನ ಜೈನಕ್ಷೇತ್ರವುಂಟು. ಬೆಟ್ಟದ ಮೇಲೆ ಪಾರ್ಶ್ವನಾಥನ ಬಸದಿಯಿದೆ. ಜಿನಬಿಂಬವನ್ನು ಕಡೆಯುವ ಶಿಲ್ಪಿಯು ಮನುಷ್ಯನೊಬ್ಬನ ಮುಖದ ಪಡಿಯಚ್ಚನ್ನು ತೆಗೆಯಹೋಗುವುದಿಲ್ಲ. ಪಾರ್ಶ್ವನಾಥನನ್ನು ಗುರುತಿಸುವುದು ತಲೆಯ ಮೇಲಣ ಸರ್ಪದ ಹೆಡೆಗಳಿಂದ. ಜಗತ್ತು ಸತ್ಯವೆಂದವರು ಕಲೆಯಲ್ಲಿ ಯಥಾರೂಪವನ್ನೇಕೆ ಬಯಸಲಿಲ್ಲ? ಅವರಿಗೆ ದೇಹದಂತೆ ಜೀವವೂ ಸತ್ಯವಾದ ದ್ರವ್ಯ. ಕರ್ಮವನ್ನು ಗೆದ್ದ ಜೀವದ ಶಾಂತಿಯೇ ಅಲ್ಲಿ ತೋರಿಸಬೇಕಾದ ವಾಸ್ತವ. ಕಣ್ಣಿಗೆ ಕಂಡದ್ದಷ್ಟೇ ವಾಸ್ತವವೆನ್ನುವವನು ಈ ಬಿಂಬವನ್ನು ಅರಿಯಲಾರನು.

ಚರಿತ್ರೆಯಲ್ಲಿಯೂ ಈ ವಿವೇಕವು ಬೇಕು. ಕನಕಗಿರಿಯ ದೇವಚಂದ್ರನು 1838ರಲ್ಲಿ ರಾಜಾವಳೀಕಥೆಯನ್ನು ಬರೆದನು. ಅದರಲ್ಲಿ ಪುರಾಣ, ಐತಿಹ್ಯ, ಅರಸರ ವೃತ್ತಾಂತ, ಕವಿಗಳ ಕಥೆ ಎಲ್ಲವೂ ಬೆರೆತಿವೆ. ಆದಕಾರಣ ಕೆಲವರು ಅದನ್ನು ಕಟ್ಟುಕಥೆಯೆಂದು ತಳ್ಳುವರು. ಕೆಲವರು ಅಭಿಮಾನದಿಂದ ಅಕ್ಷರವಕ್ಷರವನ್ನೂ ನಂಬುವರು. ಎರಡೂ ಸಲ್ಲದು. ಪ್ರಾಚೀನ ಅರಸನೊಬ್ಬನ ವಿಷಯವಾಗಿ ಅದು ಹೇಳುವುದನ್ನು ಶಾಸನಗಳೊಡನೆ ಒರೆಹಚ್ಚಿ ನೋಡಬೇಕು. ಶಾಸನಕ್ಕೆ ವಿರುದ್ಧವಾದಲ್ಲಿಯೂ, ದೇವಚಂದ್ರನ ಕಾಲದ ಜೈನರು ತಮ್ಮ ಪೂರ್ವಿಕರನ್ನು ಹೇಗೆ ಭಾವಿಸಿದ್ದರೆಂಬುದಕ್ಕೆ ಆ ಮಾತೇ ಸಾಕ್ಷಿ.

ಜೈನರು ಇದನ್ನು ನಯಭೇದವೆಂದು ಕರೆದರು. ನಯಭೇದವೆಂದರೆ ಸುಳ್ಳಿಗೂ ಒಂದು ಪೀಠವನ್ನಿಕ್ಕುವುದಲ್ಲ. ಯಾವ ಮಾತು ಯಾವ ವಿಷಯದಲ್ಲಿ ಪ್ರಮಾಣವೆಂಬುದನ್ನು ನಿರ್ಣಯಿಸುವುದು. ಬಿಂಬವನ್ನು ನೋಡುವವನಿಗೂ ಗ್ರಂಥವನ್ನು ಓದುವವನಿಗೂ ವಾಸ್ತವವಾದವು ಕಲಿಸಬೇಕಾದ ಪಾಠ ಇದೇ.