ಪ್ರವಾದನೆ (ಆಧುನಿಕ ಕ್ರೈಸ್ತ ಧರ್ಮದಲ್ಲಿ)

ದೇವರ ಸಂದೇಶವನ್ನು ಪವಿತ್ರಾತ್ಮ ಪ್ರೇರಣೆಯಿಂದ ಸಭೆಗೆ ನುಡಿಯುವುದು. ಭವಿಷ್ಯ ಹೇಳುವುದು ಇದರ ಒಂದು ಅಂಗ ಮಾತ್ರ. ಎಚ್ಚರಿಸುವುದು, ಸಂತೈಸುವುದು, ಅನ್ಯಾಯವನ್ನು ಖಂಡಿಸುವುದು ಇದರ ತಿರುಳು.

ಈ ವರ ಇಂದಿಗೂ ಇದೆಯೇ ಎಂಬುದರಲ್ಲಿ ಒಮ್ಮತವಿಲ್ಲ. ಅಪೊಸ್ತಲರ ಕಾಲಕ್ಕೇ ಅದು ನಿಂತಿತೆಂದು ಅಮೆರಿಕದ ದೈವಶಾಸ್ತ್ರಜ್ಞ ಬಿ. ಬಿ. ವಾರ್‌ಫೀಲ್ಡ್ 1918ರಲ್ಲಿ ವಾದಿಸಿದ. 1906ರ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಜಾಗೃತಿಯಿಂದ ಹರಡಿದ ಪೆಂಟೆಕೋಸ್ಟ್ ಸಭೆಗಳು ಅದು ಜೀವಂತವೆನ್ನುತ್ತವೆ. ಕ್ರಿಸ್ತನ ಪುನರಾಗಮನದವರೆಗೆ ಹೊಸ ಸಾರ್ವಜನಿಕ ದೈವಪ್ರಕಟಣೆ ಇಲ್ಲವೆಂಬುದು ಕಥೋಲಿಕ ನಿಲುವು (ಎರಡನೇ ವ್ಯಾಟಿಕನ್ ಸಭೆ, 1965). ಆದರೂ ದೀಕ್ಷಾಸ್ನಾನದಲ್ಲಿ ಮಗುವಿನ ನೆತ್ತಿಗೆ ಪವಿತ್ರ ತೈಲ ಹಚ್ಚುವಾಗ, ಅದು ಯಾಜಕನೂ ಪ್ರವಾದಿಯೂ ರಾಜನೂ ಆದ ಕ್ರಿಸ್ತನಲ್ಲಿ ಪಾಲುಗೊಳ್ಳಲೆಂದು ಪ್ರಾರ್ಥಿಸುತ್ತಾರೆ.

ಕಥೋಲಿಕ ಸಭೆ ಉತ್ತರ ಕರ್ನಾಟಕದಲ್ಲೂ ಇದೆ: ಕಲಬುರಗಿ ಜಿಲ್ಲೆ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಕಥೋಲಿಕ ಧರ್ಮಪ್ರಾಂತ್ಯಕ್ಕೆ ಸೇರಿದೆ. ಈ ಸೀಮೆಗೆ ಭವಿಷ್ಯ ನುಡಿಯುವ ಮಾತು ಹೊಸದಲ್ಲ: ಇಂದಿನ ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣನ ಪರಂಪರೆ ಕಾಲಜ್ಞಾನಕ್ಕೆ ಹೆಸರಾದುದು. ಎರಡನ್ನೂ ಒಂದೇ ಎಂದೆಣಿಸಬಾರದು. ಕಾಲಜ್ಞಾನದ ನೋಟ ಮುಖ್ಯವಾಗಿ ಬರಲಿರುವ ಕಾಲದ ಮೇಲೆ. ಪ್ರವಾದನೆಯದು ಎದುರಿಗಿರುವ ಸಭೆಯ ಬಾಳಿನ ಮೇಲೆ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ಪೌಲನು ಇದಕ್ಕೆ ಕಟ್ಟಳೆ ಹಾಕಿದ್ದಾನೆ: ಇಬ್ಬರು ಮೂವರು ಸರದಿಯಂತೆ ನುಡಿಯಬೇಕು, ಉಳಿದವರು ವಿವೇಚಿಸಬೇಕು. ಪರೀಕ್ಷೆಗೆ ಒಳಗಾಗದ ನುಡಿಯನ್ನು ಪ್ರವಾದನೆಯೆಂದು ಒಪ್ಪಲಾಗದು.