ಬಳ್ಳಾರಿಯಲ್ಲಿ ಇಳಿದ ವಿಮಾನ

1932ನೆಯ ಇಸವಿ ಅಕ್ಟೋಬರ್ 15ರಂದು ಒಂದು ಪುಟ್ಟ ವಿಮಾನ ಮುಂಬಯಿಯ ಜುಹು ಬಯಲಿನಿಂದ ಹೊರಟು ಬಳ್ಳಾರಿಯಲ್ಲಿ ಇಳಿಯಿತು. ‘ಪುಸ್ ಮಾತ್’ ಎಂದು ಅದರ ಹೆಸರು. ಒಂದೇ ಎಂಜಿನು, ಬಟ್ಟೆ ಹೊದಿಸಿದ ಮೈ, ಚಾಲಕನೂ ಸೇರಿ ಇಬ್ಬರು ಮೂವರಿಗೆ ಸಾಲುವಷ್ಟು ಜಾಗ. ಅದು ಹೊತ್ತು ತಂದದ್ದು ಅಂಚೆಯ ಚೀಲವನ್ನು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್‌ನ ವಿಮಾನದಲ್ಲಿ ಕರಾಚಿಗೆ ಬಂದಿದ್ದ ಕಾಗದಗಳನ್ನು ಆ ಬೆಳಿಗ್ಗೆ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ತಂದವರು ಇಪ್ಪತ್ತೆಂಟು ವರ್ಷದ ಜೆ. ಆರ್. ಡಿ. ಟಾಟಾ. ಅಲ್ಲಿಂದ ಮದರಾಸಿನತ್ತ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ವಿನ್ಸೆಂಟ್ ಮದರಾಸನ್ನು ಮುಟ್ಟಿದರು.

ಭಾರತದ ವಿಮಾನಯಾನದ ಚರಿತ್ರೆಯನ್ನು ಬರೆದವರೆಲ್ಲ ಈ ಸಂಗತಿಯನ್ನು ಹೇಳುತ್ತಾರೆ. ಕರಾಚಿಗೆ ಒಂದು ಪುಟ, ಮುಂಬಯಿಗೆ ಎರಡು ಪುಟ, ಬಳ್ಳಾರಿಗೆ ಒಂದು ಪದ. ಆ ಒಂದು ಪದದ ಬಗೆಗೆ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಅಪೇಕ್ಷೆ. ನಾನು ಇತಿಹಾಸದ ಅಧ್ಯಾಪಕನಲ್ಲ, ಕನ್ನಡ ಪಾಠ ಹೇಳಿಕೊಂಡು ಬದುಕಿದವನು. ಆದರೆ 1984ರಿಂದ ಹಲವು ವರ್ಷ ಬಳ್ಳಾರಿಯ ಉಪ್ಪು ತಿಂದವನಾದ್ದರಿಂದ ಆ ಪದವನ್ನು ಸುಮ್ಮನೆ ದಾಟಿ ಹೋಗುವುದು ನನ್ನಿಂದಾಗದು.

ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಅದು ಬಂದದ್ದು 1953ರಲ್ಲಿ. ದಂಡಿನ ಪಾಳೆಯ, ಕಲ್ಲುಗುಡ್ಡ, ಬಿಸಿಲು. ಇಂಥ ಊರಿಗೆ ಟಾಟಾ ಅವರ ಮೊದಲ ವಿಮಾನ ಅಂಚೆ ಬಂದದ್ದೇಕೆ? ಭೂಪಟದ ಮೇಲೆ ಮುಂಬಯಿಗೂ ಮದರಾಸಿಗೂ ನಡುವೆ ಒಂದು ಗೆರೆ ಎಳೆದು ನೋಡಿದರೆ ಉತ್ತರ ಸಿಕ್ಕುತ್ತದೆ. ಮುಂಬಯಿಯಿಂದ ಬಳ್ಳಾರಿಗೆ ಸುಮಾರು 600 ಕಿಲೋಮೀಟರು, ಬಳ್ಳಾರಿಯಿಂದ ಮದರಾಸಿಗೆ ಸುಮಾರು 400. ಗಂಟೆಗೆ ನೂರು ಮೈಲಿ ಹಾರುವ ವಿಮಾನ, ಮಧ್ಯಾಹ್ನ ಹೊರಟರೆ ಕತ್ತಲೆಯ ಹೊತ್ತಿಗೆ ಎಲ್ಲಾದರೂ ನೆಲ ಮುಟ್ಟಲೇಬೇಕು. ರೇಡಿಯೋ ಇಲ್ಲ, ದಾರಿ ತೋರುವ ದೀಪವಿಲ್ಲ. ನದಿ, ರೈಲುಕಂಬಿಗಳನ್ನು ಕಣ್ಣಿಂದ ನೋಡಿಕೊಂಡು ಹಾರುವ ಕಾಲ. ಕತ್ತಲೆ ಕವಿಯುವ ಜಾಗದಲ್ಲಿ ಬಳ್ಳಾರಿ ಇತ್ತು, ಅಷ್ಟೆ.

ನನ್ನ ಮನೆಯ ಮಾಲೀಕರು ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದರು. ನಾನು ಹೊಸದಾಗಿ ಬಳ್ಳಾರಿಗೆ ಹೋದಾಗ ಅವರಿಗೆ ಅರವತ್ತು ದಾಟಿತ್ತು. ಹುಡುಗನಾಗಿದ್ದಾಗ ಗೆಳೆಯರ ಜೊತೆ ಬಯಲಿಗೆ ಓಡಿ ಹೋಗಿ ಟಪಾಲು ವಿಮಾನವನ್ನು ನೋಡಿದವರು. ಧೂಳೆದ್ದು ಪಂಚೆ ಕೆಂಪಾದುದನ್ನೂ, ಮನೆಗೆ ಬಂದ ಮೇಲೆ ತಾಯಿಯಿಂದ ಬೈಗುಳ ತಿಂದುದನ್ನೂ ಬಹಳ ಸೊಗಸಾಗಿ ವರ್ಣಿಸುತ್ತಿದ್ದರು. ‘ಹಾಗಾದರೆ ಆಗಲೇ ಬಳ್ಳಾರಿಗೆ ವಿಮಾನ ಬರುತ್ತಿತ್ತು ಅನ್ನಿ’ ಎಂದು ನಾನು ಮೆಚ್ಚಿಗೆಯಿಂದ ಹೇಳಿದೆ. ಅವರು ನಕ್ಕು, ‘ಅದು ಬಳ್ಳಾರಿ ನೋಡಾಕ ಬರ್ತಿರ್ಲಿಲ್ಲ ಮೇಷ್ಟ್ರೆ, ಉಸಿರು ತಗೊಳ್ಳಾಕ ಬರ್ತಿತ್ತು’ ಎಂದರು.

ಈ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಸಣ್ಣ ಊರುಗಳ ವಿಮಾನಗಳ ಕಥೆಯನ್ನು ಅಂದಿನಿಂದ ಇಂದಿನವರೆಗೆ ನೋಡಿದರೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲವೆಂದು ತೋರುತ್ತದೆ.

ಟಾಟಾ ಅವರ ಅಂಚೆ ಸೇವೆಯೇ ನಿಜವಾದ ಅರ್ಥದಲ್ಲಿ ಒಂದು ಸಣ್ಣ ವಿಮಾನ ಕಂಪನಿ. ಎರಡು ಲಕ್ಷ ರೂಪಾಯಿ ಬಂಡವಾಳ, ಎರಡು ವಿಮಾನ, ಬೆರಳೆಣಿಕೆಯ ಚಾಲಕರು ಮತ್ತು ಮೆಕ್ಯಾನಿಕ್ಕುಗಳು. ಅಹಮದಾಬಾದಿನಲ್ಲಿ ಪೆಟ್ರೋಲನ್ನು ಡಬ್ಬಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ವಿಮಾನದ ಬಳಿಗೆ ತಂದರಂತೆ. ಮಳೆಗಾಲದಲ್ಲಿ ಜುಹುವಿನ ಬಯಲು ಸಮುದ್ರದ ನೀರಿನಲ್ಲಿ ಮುಳುಗುತ್ತಿದ್ದುದರಿಂದ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಹೋಗುತ್ತಿದ್ದರು. ಅಲ್ಲಿ ಅವರು ಇಳಿಯುತ್ತಿದ್ದ ಬಯಲು ಯರವಡಾ ಸೆರೆಮನೆಯ ಮಗ್ಗುಲಲ್ಲಿತ್ತು. 1932ರ ಸೆಪ್ಟೆಂಬರಿನಲ್ಲಿ, ಈ ವಿಮಾನ ಹೊರಡುವ ಕೆಲವೇ ವಾರಗಳ ಮೊದಲು, ಗಾಂಧೀಜಿ ಉಪವಾಸ ಕೂತದ್ದು ಆ ಸೆರೆಮನೆಯಲ್ಲೇ. ಒಂದು ಗೋಡೆಯ ಆಚೆ ಈಚೆ ಎರಡು ಬೇರೆ ಬೇರೆ ಯುಗಗಳು ನಿಂತಿದ್ದುವೆನ್ನಬಹುದು.

ಸರ್ಕಾರದಿಂದ ಇವರಿಗೆ ಸಹಾಯಧನ ದೊರೆಯಲಿಲ್ಲ. ಹೊತ್ತ ಅಂಚೆಯ ತೂಕಕ್ಕೆ ತಕ್ಕಷ್ಟು ಹಣ, ಅಷ್ಟೆ. ಆದರೂ ಮೊದಲ ವರ್ಷದಲ್ಲಿ 1,60,000 ಮೈಲಿ ಹಾರಿ, ಹತ್ತು ಟನ್ನಿಗೂ ಮಿಗಿಲಾದ ಅಂಚೆಯನ್ನು ಸಾಗಿಸಿ, 60,000 ರೂಪಾಯಿ ಲಾಭ ಮಾಡಿದರು. ಆ ಇಡೀ ವರ್ಷ ಅವರ ವಿಮಾನಗಳಲ್ಲಿ ಕೂತು ಪ್ರಯಾಣ ಮಾಡಿದವರು 155 ಜನ. ಅಂದರೆ ಎರಡು ದಿನಕ್ಕೆ ಒಬ್ಬರೂ ಇಲ್ಲ! ಕಾಗದಕ್ಕಾಗಿ ಹಾರಿದ ವಿಮಾನದಲ್ಲಿ ಮನುಷ್ಯ ಹೆಚ್ಚುವರಿ ಸಾಮಾನು. ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ದಾರಿ ಹೈದರಾಬಾದಿನ ಕಡೆಗೆ ತಿರುಗಿತು, ಬಳ್ಳಾರಿ ಬಿಟ್ಟುಹೋಯಿತು. ಯಾರೂ ಬಳ್ಳಾರಿಗೆ ದ್ರೋಹ ಬಗೆಯಲಿಲ್ಲ. ಉಸಿರು ತೆಗೆದುಕೊಳ್ಳಲು ಬೇರೆ ಜಾಗ ಸಿಕ್ಕಿತು.

1953ರಲ್ಲಿ ಎಂಟು ಖಾಸಗಿ ಕಂಪನಿಗಳ ಒಳನಾಡ ಸಂಚಾರವನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಆ ಎಂಟರಲ್ಲಿ ಒಂದು. ಡಕೋಟಾಗಳ ಕಾಲದಲ್ಲಿ ವಿಮಾನ ಊರಿಂದೂರಿಗೆ ಇಳಿದು ಹತ್ತಿ ಸಾಗುತ್ತಿತ್ತು. 1970ರ ಬಳಿಕ ಬೋಯಿಂಗ್ ಜೆಟ್ಟುಗಳು ಬಂದವು. ಅವಕ್ಕೆ ಉದ್ದನೆಯ ಓಡುದಾರಿ ಬೇಕು, ತುಂಬ ಜನ ಬೇಕು, ದೂರದ ದಾರಿ ಬೇಕು. ಸಣ್ಣ ಊರುಗಳ ಗತಿಯೇನೆಂದು ಯೋಚಿಸಿ 1981ರಲ್ಲಿ ‘ವಾಯುದೂತ’ವನ್ನು ಹುಟ್ಟಿಸಿದರು. ಮುಖ್ಯವಾಗಿ ಅದು ಈಶಾನ್ಯ ಭಾರತದ ಗುಡ್ಡಗಾಡುಗಳಿಗೆಂದು ಹುಟ್ಟಿದ್ದು. ಆಮೇಲೆ ಹತ್ತೊಂಬತ್ತು ಆಸನಗಳ ಡಾರ್ನಿಯರ್ ವಿಮಾನಗಳಲ್ಲಿ ದೇಶದ ಬೇರೆ ಮೂಲೆಗಳಿಗೂ ಹೋಯಿತು. ಹೆಸರೇನೋ ಕಾಳಿದಾಸನ ಮೇಘದೂತವನ್ನು ನೆನಪಿಸುತ್ತದೆ. ಆದರೆ ಯಕ್ಷನ ಮೇಘಕ್ಕೆ ಇಂಧನದ ಬಿಲ್ಲು ಬರುತ್ತಿರಲಿಲ್ಲ. 1990ರ ದಶಕದಲ್ಲಿ ವಾಯುದೂತವೂ ಮುಗಿಯಿತು.

ಹತ್ತಿರದ ದಾರಿ ಅಗ್ಗವಾಗಬೇಕಲ್ಲವೆ ಎಂದು ನಾವು ಸಾಮಾನ್ಯರು ತಿಳಿಯುತ್ತೇವೆ. ಬಸ್ಸಿನ ಲೆಕ್ಕ ಅದು. ವಿಮಾನಕ್ಕೆ ಅತಿ ಹೆಚ್ಚು ಇಂಧನ ಬೇಕಾಗುವುದು ನೆಲ ಬಿಟ್ಟು ಮೇಲಕ್ಕೇರುವಾಗ. ದೂರದ ಪಯಣದಲ್ಲಿ ಆ ಖರ್ಚು ಹಲವು ಗಂಟೆಗಳಿಗೆ ಹಂಚಿಹೋಗುತ್ತದೆ. ಒಂದು ಗಂಟೆಯ ಪಯಣದಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ನೆಲದ ಮೇಲಿನ ಖರ್ಚುಗಳು, ಎಂದರೆ ಸಿಬ್ಬಂದಿ, ತಪಾಸಣೆ, ಅಗ್ನಿಶಾಮಕ ದಳ, ನಲವತ್ತು ಜನರಿಗೂ ಬೇಕು, ನಾನೂರು ಜನರಿಗೂ ಬೇಕು. ಆದ್ದರಿಂದಲೇ ಸಣ್ಣ ದಾರಿಗಳಿಗೆ ಪ್ರೊಪೆಲ್ಲರಿನ ಎಟಿಆರ್ ವಿಮಾನಗಳು ಹೊಂದುತ್ತವೆ. ಜೆಟ್ಟಿಗಿಂತ ನಿಧಾನ, ಆದರೆ ಇಂಧನ ಕಡಿಮೆ ಸಾಕು, ಚಿಕ್ಕ ಓಡುದಾರಿ ಸಾಕು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ನೆಚ್ಚಿದ್ದು ಇಂಥ 48 ಆಸನಗಳ ವಿಮಾನಗಳನ್ನೇ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಊರಿನಿಂದ ವಿಮಾನ ಕಂಪನಿಯೊಂದು ಹೊರಟಿತೆಂಬುದು ಕನ್ನಡ ಮೇಷ್ಟರಾದ ನನಗೆ ತಮಾಷೆಯಾಗಿ ಕಂಡಿತ್ತು. ಸಣ್ಣ ಊರಿನವನಿಗೂ ಹಾರಬೇಕೆಂಬ ಆಸೆಯಿದೆ, ಅವನು ತನ್ನ ಕೆಲಸಕ್ಕಾಗಿಯೇ ಹಾರುತ್ತಾನೆ ಎಂದು ನಂಬಿದವರು ಅವರು. ಆ ಕಂಪನಿ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು. 2012ರಲ್ಲಿ ಕಿಂಗ್‌ಫಿಷರ್ ತಾನೂ ನೆಲಕ್ಕಿಳಿಯಿತು. ನಂಬಿಕೆ ಮಾತ್ರ ಸುಳ್ಳಾಗಿರಲಿಲ್ಲವೆಂದು ನನ್ನ ಅಭಿಪ್ರಾಯ.

2016ರಲ್ಲಿ ಕೇಂದ್ರ ಸರ್ಕಾರ ‘ಉಡಾನ್’ ಯೋಜನೆಯನ್ನು ಪ್ರಕಟಿಸಿತು. ಒಂದು ಗಂಟೆಯ ಪಯಣಕ್ಕೆ ಅರ್ಧದಷ್ಟು ಆಸನಗಳ ದರ 2,500 ರೂಪಾಯಿಯ ಸುಮಾರಿಗೆ ಮಿತಿಗೊಂಡಿತು; ನಷ್ಟವನ್ನು ಸರ್ಕಾರ ಮೂರು ವರ್ಷಗಳ ಕಾಲ ತುಂಬಿಕೊಡುವುದೆಂದಾಯಿತು. ಬಳ್ಳಾರಿಯ ಸಮೀಪ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ನೆಲೆಯಾದ ವಿದ್ಯಾನಗರದಲ್ಲಿ ಒಂದು ವಿಮಾನ ನಿಲ್ದಾಣವಿತ್ತು. ವಿಜಯನಗರಕ್ಕೆ ವಿದ್ಯಾನಗರವೆಂಬ ಹೆಸರೂ ಇದ್ದುದನ್ನು ಬಲ್ಲವರು ಆ ಫಲಕವನ್ನು ನೋಡಿ ಕ್ಷಣಕಾಲ ನಿಲ್ಲದೆ ಇರಲಾರರು. ಕಾರ್ಖಾನೆಯ ಕೆಲಸಕ್ಕೆಂದು ಕಟ್ಟಿದ ಆ ನಿಲ್ದಾಣಕ್ಕೆ ಯೋಜನೆಯ ದೆಸೆಯಿಂದ ಊರವರೂ ಬಂದರು.

2018ರಲ್ಲಿ ಹೈದರಾಬಾದಿನಲ್ಲಿ ಒಂದು ಪಿಎಚ್.ಡಿ. ಮೌಖಿಕ ಪರೀಕ್ಷೆಗಾಗಿ ನಾನು ಅಲ್ಲಿಂದ ಹಾರಿದೆ. ಎಟಿಆರ್ ವಿಮಾನದ ರೆಕ್ಕೆ ಕಿಟಕಿಗಳ ಮೇಲ್ಗಡೆ ಇರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಜೆಟ್ಟುಗಳಂತೆ ಅತಿ ಎತ್ತರಕ್ಕೂ ಅದು ಹೋಗುವುದಿಲ್ಲ. ಸೊಂಡೂರಿನ ಕೆಂಪು ಬೆಟ್ಟಗಳು ಹಿಂದೆ ಸರಿದವು. ಹೆಬ್ಬಂಡೆಗಳ ಗುಡ್ಡಗಳು ಯಾರೋ ಸುರಿದು ಮರೆತ ಕಡಲೆಕಾಯಿ ರಾಶಿಗಳಂತೆ ಕಂಡವು. ಕಾಲುವೆಯ ನೀರು ಕುಡಿದ ಬತ್ತದ ಗದ್ದೆಗಳ ಆಚೆ ತುಂಗಭದ್ರೆ. ಮೂವತ್ತು ವರ್ಷ ಆ ನಾಡಿನಲ್ಲಿ ಓಡಾಡಿದವನಿಗೆ ಅದರ ಇಡೀ ಮುಖ ಕಂಡದ್ದು ಅಂದೇ. ಮುಂದಿನ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯೊಡನೆ ಕೂತಿದ್ದ. ಸೊಂಡೂರಿನ ಬಳಿ ಶಾಲಾ ಮಾಸ್ತರು. ತಾಯಿಗೆ ಹೈದರಾಬಾದಿನ ಆಸ್ಪತ್ರೆಯಲ್ಲಿ ಚಿಕಿತ್ಸೆ; ತಿಂಗಳಿಗೊಮ್ಮೆ ಹೋಗಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುತ್ತಿದ್ದವರು ಈಗ ಒಂದು ಗಂಟೆಯಲ್ಲಿ ತಲಪುತ್ತಿದ್ದರು. ಮುದುಕಿ ಕಿಟಕಿಗೆ ಹಣೆ ಒತ್ತಿ, ‘ನಮ್ಮ ಹೊಳಿ ಇಷ್ಟ ಐತೇನಪ್ಪಾ’ ಎಂದು ಮಗನನ್ನು ಕೇಳುತ್ತಿತ್ತು.

ಕೆಲವು ವರ್ಷಗಳ ತರುವಾಯ ನಾವು ಹೋಗಿದ್ದ ಆ ಸೇವೆ ನಿಂತಿತು. ಇದು ಒಂದು ಊರಿನ ಕಥೆಯಲ್ಲ. ಮಹಾಲೇಖಪಾಲರ 2023ರ ವರದಿಯನ್ನು ನೋಡಿದರೆ, ಯೋಜನೆಯ ಮೊದಲ ಹಂತಗಳಲ್ಲಿ ಮಂಜೂರಾದ 774 ಮಾರ್ಗಗಳಲ್ಲಿ ಆರಂಭವಾದದ್ದು 371. ಮೂರು ವರ್ಷ ಪೂರೈಸಿದ್ದು 112. ಸಹಾಯದ ಅವಧಿ ಮುಗಿದ ಮೇಲೂ 2023ರ ಮಾರ್ಚಿನಲ್ಲಿ ಉಳಿದಿದ್ದದ್ದು 54. ಈ ಅಂಕಿಗಳನ್ನು ತೋರಿಸಿ, ಸಣ್ಣ ಊರಿಗೆ ವಿಮಾನ ದಂಡವೆಂದು ವಾದಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮೂರು ವರ್ಷದಲ್ಲಿ ಲಾಭ ತರಬೇಕೆಂಬ ಕರಾರು ನಮ್ಮ ಹಳ್ಳಿಯ ರಸ್ತೆಗಳಿಗೆ ಇದ್ದಿದ್ದರೆ ಎಷ್ಟು ರಸ್ತೆ ಉಳಿಯುತ್ತಿದ್ದವು? ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವಿನ ದೂರ ಮೂರು ಕಿಲೋಮೀಟರಿಗೂ ಕಡಿಮೆ. ಎಂಟು ಜನ ಕೂರುವ ವಿಮಾನದಲ್ಲಿ ಎರಡೇ ನಿಮಿಷದ ಹಾರಾಟ. ಲೋಗನ್‌ಏರ್ ಎಂಬ ಕಂಪನಿ 1967ರಲ್ಲಿ ಆರಂಭಿಸಿದ ಆ ಸೇವೆಯನ್ನು ಅಲ್ಲಿನ ಸ್ಥಳೀಯ ಸಂಸ್ಥೆ ಸಾರ್ವಜನಿಕ ಸೇವೆಯೆಂದು ಹಣಕೊಟ್ಟು ನಡೆಸಿಕೊಂಡು ಬಂದಿದೆ. ಮೇಷ್ಟರು, ವೈದ್ಯರು, ರೋಗಿಗಳು ಅದರಲ್ಲಿ ಓಡಾಡುತ್ತಾರೆ. ಅಲ್ಲಿ ವಿಮಾನ ಇಳಿಯುವುದು ಆ ದ್ವೀಪಕ್ಕಾಗಿಯೇ.

ಟಾಟಾ ಅವರು 1982ರ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಒಂದು ಹಳೆಯ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿ ಬಂದರು. ಮುಂಬಯಿಯಲ್ಲಿ ಹಾರಾಟ ಮುಗಿಯಿತು.

ಕಳೆದ ಬಾರಿ ಬಳ್ಳಾರಿಗೆ ಹೋಗಿದ್ದಾಗ ಬಸ್ ನಿಲ್ದಾಣದಲ್ಲಿ ಆ ವಿದ್ಯಾರ್ಥಿ ಸಿಕ್ಕಿದ್ದ. ಹೈದರಾಬಾದಿನ ರಾತ್ರಿ ಬಸ್ಸಿಗೆ ಕಾಯುತ್ತಿದ್ದರು. ‘ಮೊದಲು ಬಸ್ಸು ಕಷ್ಟ ಅನ್ನಿಸ್ತಿರಲಿಲ್ಲ ಸಾರ್, ಈಗ ಅನ್ನಿಸ್ತೈತಿ’ ಎಂದ. ತಾಯಿ ಬೆಂಚಿನ ಮೇಲೆ ಗಂಟನ್ನು ತಬ್ಬಿ ಕೂತಿದ್ದರು. ನನ್ನನ್ನು ಗುರುತಿಸಿ ಕೈಮುಗಿದರು. ಬಸ್ಸು ಹತ್ತುವಾಗ ಅವರು ಮಗನಿಗೆ ಹೇಳಿದ್ದು ನನಗೆ ಕೇಳಿಸಿತು: ಕರ್ನೂಲಿನ ಸೇತುವೆ ಬಂದಾಗ ಮರೀದೆ ಎಬ್ಬಿಸು, ಹೊಳಿ ನೋಡಬೇಕು.