ಕಾಫಿಯ ವಾಸನೆ

2020ರಲ್ಲಿ ರಾಜಾಜಿನಗರದ ನಮ್ಮ ಮನೆಗೆ ಕೊರೋನಾ ಬಂದಾಗ ನನಗೆ ಕಾಫಿಯ ವಾಸನೆಯೇ ಹೋಗಿತ್ತು. ಹದಿನೈದು ದಿನಕ್ಕೆ ಮರಳಿತು. ಆ ಧೈರ್ಯದಿಂದಲೇ 2021ರ ಏಪ್ರಿಲ್‌ನಲ್ಲಿ ಜ್ವರವೆಂದ ಪಕ್ಕದ ಮನೆಯಾಕೆಗೆ, "ವಾಸನೆ ಬರುತ್ತೆ ತಾನೇ? ಹಾಗಾದರೆ ಏನೂ ಅಲ್ಲ ಕಣ್ರೀ" ಎಂದೆ. ಆ ಸಲ ಬಂದದ್ದು ಡೆಲ್ಟಾ. ವಾರದೊಳಗೆ ಅವರಿಗೆ ಉಸಿರು ಸಾಲದಾಯಿತು. ಸುಮನಹಳ್ಳಿ ಚಿತಾಗಾರದ ಮುಂದಿನ ಆಂಬುಲೆನ್ಸುಗಳ ಸಾಲಿನಲ್ಲಿ ಅವರೂ ಹೋದರು.

ಅದೇ ಡಿಸೆಂಬರ್ 2ರಂದು ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಪತ್ತೆಯಾದ ಸುದ್ದಿ ಬಂತು. ಜನವರಿಯಲ್ಲಿ ಮನೆಮಂದಿಗೆಲ್ಲ ಗಂಟಲು ಕೆರೆತ, ಮೂರು ದಿನ ಜ್ವರ, ಅಷ್ಟೆ. ವೈರಾಣು ಶ್ವಾಸಕೋಶಕ್ಕಿಂತ ಮೇಲಿನ ಶ್ವಾಸನಾಳದಲ್ಲಿ ಹೆಚ್ಚು ಬೆಳೆಯುವಂತೆ ಬದಲಾಗಿತ್ತು. ಲಸಿಕೆಯಿಂದ, ಹಿಂದಿನ ಸೋಂಕಿನಿಂದ ನಮ್ಮ ಮೈಯೂ ಬದಲಾಗಿತ್ತು.

ಈಗ ಯಾರಾದರೂ ಜ್ವರವೆಂದರೆ ನಾನು ವಾಸನೆಯ ಮಾತೆತ್ತುವುದಿಲ್ಲ. ಡಾಕ್ಟರ ಬಳಿಗೆ ಜೊತೆಗೆ ಹೋಗುತ್ತೇನೆ.